ಆರು ನಿರಾಯುಧ ಚಳವಳಿಗಳಿಗೆ ಕನ್ನಡದಲ್ಲಿ ಸಬ್‌ಟೈಟಲ್ ಬರೆದ ಬಗೆ

ಆರು ನಿರಾಯುಧ ಚಳವಳಿಗಳ ಸಾಕ್ಷ್ಯಚಿತ್ರವೊಂದಕ್ಕೆ ನಾವು ಮೂವರು ಕನ್ನಡ ಸಬ್‌ಟೈಟಲ್ ಬರೆದೆವು. ಮೊದಲು ಕೈಕೊಟ್ಟ ಪದ ‘ಧರಣಿ’. 1960ರ ಫೆಬ್ರವರಿ 13ರಂದು ಅಮೆರಿಕದ ನ್ಯಾಶ್‌ವಿಲ್ ಊರಿನಲ್ಲಿ 124 ವಿದ್ಯಾರ್ಥಿಗಳು ಪೇಟೆಯ ಅಂಗಡಿಗಳಿಗೆ ಹೋಗಿ, ಬಿಳಿಯರಿಗೆ ಮಾತ್ರ ಊಟ ಬಡಿಸುತ್ತಿದ್ದ ಕೌಂಟರ್‌ಗಳ ಸ್ಟೂಲಿನ ಮೇಲೆ ಕೂತರು. ಇದನ್ನು ಕನ್ನಡದಲ್ಲಿ ಒಂದೆರಡು ಪದಗಳಲ್ಲಿ ಹೇಳಬೇಕು. ತೆರೆಯ ಮೇಲೆ ಸಾಲು ನಿಲ್ಲುವುದೇ ಎರಡು ಸೆಕೆಂಡು. ನಮ್ಮಲ್ಲಿ ಧರಣಿ ಎಂದರೆ ತಹಶೀಲ್ದಾರರ ಕಚೇರಿಯ ಮುಂದೆ ಶಾಮಿಯಾನ, ಮೈಕು, ಸಂಜೆಗೊಂದು ಮನವಿಪತ್ರ. ನ್ಯಾಶ್‌ವಿಲ್ಲಿನವರು ಯಾರ ಮುಂದೆಯೂ ಬೇಡಿಕೆ ಹಿಡಿದು ಕೂತಿರಲಿಲ್ಲ. ತಮಗೆ ನಿಷೇಧಿಸಿದ್ದ ಕೆಲಸವನ್ನೇ ನೇರವಾಗಿ ಮಾಡುತ್ತಿದ್ದರು: ಕೂತರು, ಊಟ ಕೇಳಿದರು, ಕೊಡದಿದ್ದಾಗ ಪುಸ್ತಕ ತೆರೆದು ಓದುತ್ತ ಅಲ್ಲೇ ಇದ್ದರು. ಅದಕ್ಕೆ ಹತ್ತಿರದ ಸಂಬಂಧಿ 1927ರ ಮಾರ್ಚ್ 20ರಂದು ಮಹಾಡ್‌ನಲ್ಲಿ ಅಂಬೇಡ್ಕರ್ ಅವರೂ ಸಾವಿರಾರು ಜನರೂ ಚೌದಾರ್ ಕೆರೆಯ ನೀರು ಕುಡಿದ ಘಟನೆ. ‘ದೇವಾಲಯ ಪ್ರವೇಶ’ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಅದೇ ಜಾಡಿನಲ್ಲಿ ‘ಕೌಂಟರ್ ಪ್ರವೇಶ’ ಎಂದು ಬರೆದೆವು. ಮೊದಲ ಸಲ ‘ಕೌಂಟರ್ ಪ್ರವೇಶ ಸತ್ಯಾಗ್ರಹ’, ಆಮೇಲೆಲ್ಲ ಬರೀ ‘ಕೌಂಟರ್ ಪ್ರವೇಶ’.

ಚಿತ್ರದಲ್ಲಿ ಆರು ಭಾಗಗಳಿವೆ: ನ್ಯಾಶ್‌ವಿಲ್, ನಮ್ಮ ಉಪ್ಪಿನ ಸತ್ಯಾಗ್ರಹ, ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್, ನಾಜಿಗಳ ವಶದಲ್ಲಿದ್ದ ಡೆನ್ಮಾರ್ಕ್, ಪೋಲೆಂಡಿನ ಹಡಗು ಕಾರ್ಖಾನೆ, ಸೇನಾ ಸರ್ವಾಧಿಕಾರಿ ಪಿನೊಚೆಟ್ ಆಳ್ವಿಕೆಯ ಚಿಲಿ. ಒಂದೊಂದೂ ಸುಮಾರು ಅರ್ಧ ಗಂಟೆ. ಅರ್ಧ ಗಂಟೆಗೆ ನಾನ್ನೂರರ ಆಸುಪಾಸು ಸಾಲುಗಳಾಗುತ್ತವೆ. ಇಂಥ ಚಿತ್ರವನ್ನು ಕನ್ನಡಕ್ಕೆ ತರಬೇಕೆನ್ನುವವರಿಗೆ ಉಪಯೋಗವಾಗಲಿ ಎಂದು ನಾವು ಕೆಲಸ ಮಾಡಿದ ಕ್ರಮ, ಎಡವಿದ ಜಾಗಗಳನ್ನು ಇಲ್ಲಿ ಬರೆದಿದ್ದೇವೆ. ಅರ್ಧ ಕೆಲಸ ಕಂಪ್ಯೂಟರಿನದು, ಉಳಿದರ್ಧ ಪದಗಳದು. ಕಂಪ್ಯೂಟರಿನ ಅರ್ಧ ಸುಲಭದ್ದು, ಅದನ್ನು ಮೊದಲು ಮುಗಿಸುತ್ತೇವೆ.

ಹಕ್ಕುದಾರರಿಂದ ಲಿಖಿತ ಒಪ್ಪಿಗೆ ಪಡೆಯುವಾಗಲೇ ಮೂರು ವಸ್ತು ಕೇಳಿ. ಇಂಗ್ಲಿಷ್ ಸಬ್‌ಟೈಟಲ್ ಅಚ್ಚಾಗಿರದ ಶುದ್ಧ ಪ್ರತಿ ಒಂದು. ವೇಳೆ ನಮೂದಿಸಿದ ಸಂಭಾಷಣೆ ಪಟ್ಟಿ ಇನ್ನೊಂದು. ಆ ಪಟ್ಟಿ ಯಾವ ಫ್ರೇಮ್ ವೇಗದ ಪ್ರತಿಗೆ ಸೇರಿದ್ದು ಎಂಬ ಮಾಹಿತಿ ಮೂರನೆಯದು. ಈ ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಯುರೋಪಿನ ಟಿವಿ ಪ್ರತಿ ಸೆಕೆಂಡಿಗೆ 25 ಫ್ರೇಮ್, ಸಿನಿಮಾ ಮೂಲದ ಪ್ರತಿ 23.976. ಒಂದಕ್ಕೆ ಕೂಡಿಸಿದ ಸಾಲುಗಳನ್ನು ಇನ್ನೊಂದಕ್ಕೆ ಹಾಕಿದರೆ ಶೇಕಡ 4ರಷ್ಟು ಜಾರುತ್ತದೆ. ಮೊದಲ ನಿಮಿಷದಲ್ಲಿ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಗಂಟೆ ಕಳೆಯುವಷ್ಟರಲ್ಲಿ ಮಾತಿಗೂ ಬರಹಕ್ಕೂ ಎರಡೂವರೆ ನಿಮಿಷದ ಅಂತರ. ಪರೀಕ್ಷೆ ಸುಲಭ: ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಮಾತಿನೊಂದಿಗೆ ತಾಳೆ ನೋಡಿ. ಕೊನೆಯದು ತಪ್ಪಿದ್ದರೆ ಸಾಲುಗಳನ್ನು ಒಂದೊಂದಾಗಿ ಎಳೆದು ಕೂರಿಸಲು ಹೋಗಬೇಡಿ. ‘ಸಬ್‌ಟೈಟಲ್ ಎಡಿಟ್’ ಎಂಬ ಸಾಫ್ಟ್‌ವೇರಿನಲ್ಲಿ ಫ್ರೇಮ್ ವೇಗ ಬದಲಿಸುವ ಆಯ್ಕೆಯಿದೆ, ಒಂದೇ ಕ್ಲಿಕ್ಕಿನ ಕೆಲಸ.

ಸಬ್‌ಟೈಟಲ್ ಸಾಲುಗಳನ್ನು ಉಳಿಸುವ ಎಸ್‌ಆರ್‌ಟಿ ಕಡತದ ರಚನೆ ಸರಳ: ಕ್ರಮಸಂಖ್ಯೆ, ಶುರು-ಕೊನೆಯ ವೇಳೆ, ಸಾಲು, ಒಂದು ಖಾಲಿ ಗೆರೆ. ವೇಳೆಯಲ್ಲಿ ಸೆಕೆಂಡು, ಮಿಲಿಸೆಕೆಂಡುಗಳ ನಡುವೆ ಅಲ್ಪವಿರಾಮ ಇರಬೇಕು. ಚುಕ್ಕಿ ಹಾಕಿದರೆ ಕೆಲವು ಪ್ಲೇಯರ್‌ಗಳು ಆ ಸಾಲನ್ನೇ ನುಂಗುತ್ತವೆ. ಕಡತವನ್ನು ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿ ಉಳಿಸದಿದ್ದರೆ ಕನ್ನಡವೆಲ್ಲ ಪ್ರಶ್ನೆಚಿಹ್ನೆಗಳಾಗುತ್ತದೆ. ಹಾಗೆ ಉಳಿಸಿ ಮುಚ್ಚಿದ ಕಡತದಿಂದ ಮೂಲ ಪಠ್ಯ ಮರಳಿ ಬರುವುದಿಲ್ಲ, ದಿನಕ್ಕೊಂದು ನಕಲು ಬೇರೆ ಕಡೆ ಇಡಬೇಕು. ನಮ್ಮ ನಾಡಿನದೇ ಇನ್ನೊಂದು ತೊಡಕಿದೆ. ಅನುವಾದಕರಲ್ಲಿ ಹಿರಿಯರು ಹಲವರು ಇಂದಿಗೂ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪಿಸುತ್ತಾರೆ. ಅವರ ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ, ಆದರೆ ಒಳಗಿರುವುದು ಲ್ಯಾಟಿನ್ ಅಕ್ಷರಗಳ ಚಿತ್ರಾನ್ನ. ಯೂನಿಕೋಡಿಗೆ ಪರಿವರ್ತಿಸಬೇಕು, ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಲ್ಲೇ ಓದಿ ನೋಡಬೇಕು. ‘ಕಾರ್ಯಕರ್ತ’, ‘ಸರ್ಕಾರ’, ‘ಮೆರವಣಿಗೆಯ ಮಾರ್ಗ’ ಇಂಥಲ್ಲೇ ಪರಿವರ್ತಕ ಎಡವುವುದು.

ಒಂದು ಸಾಲಿನಲ್ಲಿ ಎಷ್ಟು ಬರೆಯಬಹುದು? ಲ್ಯಾಟಿನ್ ಲಿಪಿಗೆ ಸಾಲಿಗೆ 42 ಚಿಹ್ನೆ ಎಂಬ ಲೆಕ್ಕ ರೂಢಿಯಲ್ಲಿದೆ. ಸಾಫ್ಟ್‌ವೇರ್ ಅದನ್ನೇ ಕನ್ನಡಕ್ಕೂ ಹೂಡಿ ಕೆಂಪು ಬಣ್ಣ ಬಳಿಯುತ್ತದೆ. ಅದು ಎಣಿಸುವುದು ಯೂನಿಕೋಡಿನ ಬಿಡಿ ಚಿಹ್ನೆಗಳನ್ನು. ‘ಸ್ತ್ರೀ’ ಅದರ ಲೆಕ್ಕದಲ್ಲಿ ಆರು, ಓದುಗನ ಕಣ್ಣಿಗೆ ಒಂದೇ ಅಕ್ಷರ. ‘ಸತ್ಯಾಗ್ರಹ’ ಅದಕ್ಕೆ ಒಂಬತ್ತು, ನಮಗೆ ನಾಲ್ಕು. ಹಾಗಾಗಿ ಅಕ್ಷರಗಳನ್ನೇ ಎಣಿಸಿದೆವು: ಸಾಲಿಗೆ ಹೆಚ್ಚೆಂದರೆ 20, ಒಮ್ಮೆಗೆ ಎರಡೇ ಸಾಲು, ಸೆಕೆಂಡಿಗೆ 8 ಅಕ್ಷರದ ಓದು. ಎರಡು ಸಾಲು ತುಂಬಿದ್ದರೆ 5 ಸೆಕೆಂಡು ನಿಲ್ಲಬೇಕು. ಒಂದು ಸೆಕೆಂಡಿಗಿಂತ ಕಡಿಮೆ ಯಾವುದೂ ಬೇಡ, 7ಕ್ಕಿಂತ ಹೆಚ್ಚೂ ಬೇಡ. ಹೆಚ್ಚಾದರೆ ಓದಿದ್ದನ್ನೇ ಕಣ್ಣು ಮತ್ತೆ ಓದುತ್ತದೆ. ಊರುಗಳಲ್ಲಿ ತೋರಿಸುವ ಪ್ರತಿಗೆ ಸೆಕೆಂಡಿಗೆ 6ಕ್ಕೆ ಇಳಿಸಿದೆವು. ಅದಕ್ಕಾಗಿ ಕಾಲು ಭಾಗ ಮಾತು ಕತ್ತರಿಸಬೇಕಾಯಿತು. ಕತ್ತರಿಸಿದ ಮೇಲೂ ಅರ್ಥ ನಿಂತರೆ, ಆ ಮಾತು ಮೊದಲೂ ಬೇಕಿರಲಿಲ್ಲ.

ಫಾಂಟು ನೋಟೋ ಸಾನ್ಸ್ ಕನ್ನಡ. ಒತ್ತಕ್ಷರ ಕೆಳಗಿಳಿಯುವ ಲಿಪಿ ನಮ್ಮದು, ಮೊದಲ ಸಾಲಿನ ಒತ್ತು ಎರಡನೆಯ ಸಾಲಿನ ಗುಡಿಸಿಗೆ, ತಲೆಕಟ್ಟಿಗೆ ತಾಗುತ್ತದೆ. ಸಾಲಿನ ಅಂತರ ಹೆಚ್ಚಿಸಲಾಗದಿದ್ದರೆ ಮೇಲಿನ ಸಾಲಿನಲ್ಲಿ ‘ಸ್ಥ’, ‘ಷ್ಟ್ರ’ಗಳಿರುವ ಪದ ಬರದಂತೆ ಸಾಲು ಒಡೆಯಿರಿ. ಇಂಥ ಚಿತ್ರಗಳಲ್ಲಿ ಹಳೆಯ ಕಪ್ಪುಬಿಳುಪು ದೃಶ್ಯಗಳೇ ಹೆಚ್ಚು. ಬಿಳಿ ಅಂಗಿಗಳ ಮೆರವಣಿಗೆಯ ಮೇಲೆ ಬಿಳಿ ಅಕ್ಷರ ಕಾಣಿಸುವುದಿಲ್ಲ, ಹಿಂದೆ ಅರೆಪಾರದರ್ಶಕ ಕಪ್ಪು ಪಟ್ಟಿ ಬೇಕೇ ಬೇಕು. ಇಂಗ್ಲಿಷಿನಲ್ಲಿ ತೆರೆಯಾಚೆಯ ದನಿಗೆ ಓರೆ ಅಕ್ಷರ ಬಳಸುತ್ತಾರೆ. ಕನ್ನಡ ಫಾಂಟುಗಳಲ್ಲಿ ನಿಜವಾದ ಓರೆ ರೂಪ ಸಾಮಾನ್ಯವಾಗಿ ಇರುವುದಿಲ್ಲ. ಸಾಫ್ಟ್‌ವೇರ್ ಬಲವಂತವಾಗಿ ಬಾಗಿಸಿದಾಗ ಒತ್ತಕ್ಷರ ಪಕ್ಕದ ಅಕ್ಷರದ ಕಾಲಡಿಗೆ ಹೋಗುತ್ತದೆ. ನಾವು ಅಂಥ ದನಿಗೆ ತಿಳಿಹಳದಿ ಬಣ್ಣ ಕೊಟ್ಟೆವು. ‘ನ್ಯಾಶ್‌ವಿಲ್’ ಬರೆಯುವಾಗ ‘ಶ್’ ಮತ್ತು ‘ವಿ’ ನಡುವೆ ಕಾಣದ ಬೇರ್ಪಡಿಕೆಯ ಚಿಹ್ನೆ ಇರದಿದ್ದರೆ ಅದು ‘ನ್ಯಾಶ್ವಿಲ್’ ಆಗುತ್ತದೆ. ಆ ಚಿಹ್ನೆಯನ್ನು ಕೆಲವು ಟಿವಿಗಳು ಖಾಲಿ ಚೌಕವಾಗಿ ತೋರಿಸುತ್ತವೆ. ಕೊನೆಗೆ ಪೆನ್‌ಡ್ರೈವಿನಲ್ಲಿ ಹಂಚುವ ಪ್ರತಿಗೆ ಏಜಿಸಬ್ ಎಂಬ ಸಾಫ್ಟ್‌ವೇರಿನಲ್ಲಿ ಶೈಲಿ ಕೂರಿಸಿ, ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದರ ಮೂಲಕ ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚು ಹಾಕಿದೆವು. ಎಲ್ಲಿ ಹಾಕಿದರೂ ಒಂದೇ ರೂಪ.

ಇನ್ನು ಪದಗಳು.

ಆರೂ ಭಾಗಗಳನ್ನು ಒಮ್ಮೆ ಪೂರ್ತಿ ನೋಡಿ, ಹತ್ತಿಪ್ಪತ್ತು ಸಲ ಬರುವ ಪದಗಳ ಪಟ್ಟಿ ಮಾಡಿಕೊಂಡು, ಅದು ಇತ್ಯರ್ಥವಾಗುವವರೆಗೆ ಒಂದು ಸಾಲನ್ನೂ ಅನುವಾದಿಸಬಾರದು. ನಾವು ಇದನ್ನು ತಡವಾಗಿ ಕಲಿತೆವು. ಮೂವರು ತಲಾ ಎರಡು ಭಾಗ ಹಂಚಿಕೊಂಡು ಶುರುಮಾಡಿದ್ದರಿಂದ ಒಂದೇ ಮಾತಿಗೆ ಒಂದು ಕಡೆ ‘ಪ್ರತಿರೋಧ’, ಇನ್ನೊಂದು ಕಡೆ ‘ಪ್ರತಿಭಟನೆ’, ಮತ್ತೊಂದು ಕಡೆ ‘ವಿರೋಧ’ ಬಂದಿತ್ತು. ಈ ಮೂರೂ ಬೇರೆ ಬೇರೆ. ಪ್ರತಿಭಟನೆ ಎಂದರೆ ಒಪ್ಪುವುದಿಲ್ಲವೆಂದು ಎದ್ದುಕಾಣುವಂತೆ ಹೇಳುವುದು. ಪ್ರತಿರೋಧದಲ್ಲಿ ಎದುರಾಳಿಯ ಕೆಲಸ ನಡೆಯದಂತೆ ಮಾಡುವ ಅಂಶ ಇರಲೇಬೇಕು. ಈ ಆರು ಚಳವಳಿಗಳ ಶಕ್ತಿಯೆಲ್ಲ ಎರಡನೆಯದರಲ್ಲಿದೆ.

ಎಲ್ಲಕ್ಕಿಂತ ದೊಡ್ಡ ಜಗಳ ‘ಅಹಿಂಸೆ’ಯದು. ಕನ್ನಡದ ಕಿವಿಗೆ ಅಹಿಂಸೆ ಮೊದಲು ವರ್ಧಮಾನ ಮಹಾವೀರ, ಆಮೇಲೆ ಗಾಂಧಿ. ಅದು ಮನಸ್ಸಿನ ಗುಣ, ವ್ರತ. ಪೋಲೆಂಡಿನ ಹಡಗು ಕಾರ್ಮಿಕರಿಗೆ ಅದು ವ್ರತವಾಗಿರಲಿಲ್ಲ. 1970ರ ಡಿಸೆಂಬರಿನಲ್ಲಿ ಅವರು ಬೀದಿಗಿಳಿದಾಗ ಸೈನ್ಯ ಗುಂಡು ಹಾರಿಸಿತ್ತು, ಹತ್ತಾರು ಜನ ಸತ್ತಿದ್ದರು. ಬೀದಿಯಲ್ಲಿ ಟ್ಯಾಂಕಿನ ಎದುರು ತಮಗೆ ಬಲವಿಲ್ಲ, ಕಾರ್ಖಾನೆಯ ಒಳಗಿದ್ದರೆ ಬಲವಿದೆ ಎಂಬ ಲೆಕ್ಕಾಚಾರ ಅವರದು. ಹಾಗಾಗಿ ಗಾಂಧಿ ಮತ್ತು ನ್ಯಾಶ್‌ವಿಲ್ ಭಾಗಗಳಲ್ಲಿ ‘ಅಹಿಂಸೆ’ ಉಳಿಸಿಕೊಂಡು, ಉಳಿದ ನಾಲ್ಕರಲ್ಲಿ ‘ನಿರಾಯುಧ ಹೋರಾಟ’ ಎಂದೆವು. ಚಿತ್ರದ ಹೆಸರಿನ ಕೆಳಗೆ ಬರುವ ಕನ್ನಡ ಅಡಿಬರಹದಲ್ಲೂ ಅದೇ. ‘ಶಾಂತಿಯುತ’ ಎಂಬ ಪದವನ್ನು ಮಾತ್ರ ಇಡೀ ಚಿತ್ರದಿಂದ ಕಿತ್ತುಹಾಕಿದೆವು. ಪೇಪರಿನಲ್ಲಿ ‘ಬಂದ್ ಶಾಂತಿಯುತ’ ಎಂದರೆ ಏನೂ ಆಗಲಿಲ್ಲ ಎಂದರ್ಥ. ಇಲ್ಲಿ ಆದದ್ದು ಅದಕ್ಕೆ ಪೂರ್ತಿ ತಿರುವುಮುರುವು. ‘ನಿಷ್ಕ್ರಿಯ ಪ್ರತಿರೋಧ’ವೂ ಬೇಡವಾಯಿತು. ದಕ್ಷಿಣ ಆಫ್ರಿಕಾದಲ್ಲಿ ಗಾಂಧಿಗೇ ಆ ಹೆಸರು ಸೇರದೆ ತಮ್ಮ ಪತ್ರಿಕೆಯಲ್ಲಿ ಬೇರೆ ಹೆಸರು ಆಹ್ವಾನಿಸಿ, ಬಂದ ‘ಸದಾಗ್ರಹ’ವನ್ನು ತಿದ್ದಿ ‘ಸತ್ಯಾಗ್ರಹ’ ಮಾಡಿಕೊಂಡರು. ಅನುವಾದಕರು ಮತ್ತೆ ಹಿಂದಕ್ಕೆ ಹೋಗುವುದು ಸರಿಯಲ್ಲ.

ಪೋರ್ಟ್ ಎಲಿಜಬೆತ್ ಭಾಗದಲ್ಲಿ ಎರಡು ಪದಗಳು ಹೆಜ್ಜೆಹೆಜ್ಜೆಗೂ ಬರುತ್ತವೆ, ಎರಡೂ ಕನ್ನಡದಲ್ಲಿ ಮೋಸ ಮಾಡುತ್ತವೆ. ಒಂದು ‘ಟೌನ್‌ಶಿಪ್’. ಕರ್ನಾಟಕದವರಿಗೆ ಟೌನ್‌ಶಿಪ್ ಎಂದರೆ ಸಾರ್ವಜನಿಕ ಉದ್ದಿಮೆಯ ಕ್ವಾರ್ಟರ್ಸ್: ಸಾಲುಮರ, ಆಸ್ಪತ್ರೆ, ಸ್ಕೂಲು. ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಅದು ಕಪ್ಪು ಜನರನ್ನು ಊರಾಚೆ ಇರಿಸಿದ ಜಾಗ. ಅದಕ್ಕೆ ಕನ್ನಡದಲ್ಲಿ ಪದವಿದೆ, ‘ಕೇರಿ’. ಬಳಸಬೇಕೇ ಬೇಡವೇ ಎಂದು ಬಹಳ ಚರ್ಚೆಯಾಯಿತು. ಜಾತಿಯೂ ಜನಾಂಗವೂ ಒಂದೇ ಅಲ್ಲ, ಸರಿ. ಆದರೆ ಊರಿನ ದುಡಿಮೆಗೆ ಬೇಕು, ಊರೊಳಗೆ ಬೇಡ ಎಂಬ ವ್ಯವಸ್ಥೆಯನ್ನು ಎರಡಕ್ಷರದಲ್ಲಿ ಹೇಳುವ ಬೇರೆ ಪದ ನಮಗೆ ಸಿಗಲಿಲ್ಲ. ‘ಕೇರಿ’ ಎಂದೇ ಬರೆದೆವು.

ಇನ್ನೊಂದು ‘ಬಹಿಷ್ಕಾರ’. 1985ರ ಜುಲೈ 15ರಿಂದ ಅಲ್ಲಿನ ಕಪ್ಪು ಜನ ಬಿಳಿಯರ ಅಂಗಡಿಗಳಲ್ಲಿ ಕೊಳ್ಳುವುದನ್ನು ನಿಲ್ಲಿಸಿದರು. ಮುಂದಾಳು ಮ್ಖುಸೆಲಿ ಜ್ಯಾಕ್ ಎಂಬ ಯುವಕ. ಕೇರಿಗಳಿಂದ ಸೈನ್ಯ ಹಿಂದೆ ಹೋಗಲಿ, ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ತೆರೆಯಲಿ, ಕೆಲಸದಲ್ಲಿ ಭೇದ ನಿಲ್ಲಲಿ ಎಂಬವು ಬೇಡಿಕೆಗಳು. ಗಿರಾಕಿಯಿಲ್ಲದ ವ್ಯಾಪಾರಿಗಳು ತಾವೇ ಸರ್ಕಾರದ ಮೇಲೆ ಒತ್ತಡ ಹಾಕಬೇಕು ಎಂಬುದು ಯೋಜನೆ, ಹಾಗೇ ಆಯಿತು ಕೂಡ. ಆದರೆ ನಮ್ಮ ಹಳ್ಳಿಗಳಲ್ಲಿ ‘ಬಹಿಷ್ಕಾರ’ ಎಂದರೆ ಬಲವುಳ್ಳವರು ದಲಿತ ಕುಟುಂಬಕ್ಕೆ ಹಾಕುವ ಶಿಕ್ಷೆ: ಅಂಗಡಿಯಲ್ಲಿ ಸಾಮಾನಿಲ್ಲ, ಬಾವಿಯಲ್ಲಿ ನೀರಿಲ್ಲ, ಕೂಲಿಯಿಲ್ಲ. ತೆರೆಯ ಮೇಲೆ ಕಪ್ಪು ಜನ ಬಹಿಷ್ಕಾರ ಹಾಕಿದರು ಎಂದಾಗ ದಲಿತ ನೋಡುಗರಿಗೆ ಏಟು ತಲೆಕೆಳಗಾಗಿ ತಗಲುತ್ತದೆ. ‘ಖರೀದಿ ನಿಲುಗಡೆ’ ಎಂದು ಬರೆದೆವು. ಕಿವಿಗೆ ಸರ್ಕಾರಿ ಸುತ್ತೋಲೆಯಂತೆ ಕೇಳಿಸುತ್ತದೆಂಬ ಆಕ್ಷೇಪ ಬಂತು, ಅದು ನ್ಯಾಯವಾದ ಆಕ್ಷೇಪವೇ. ಮಾತಿನ ನಡುವೆ ಬಂದಲ್ಲೆಲ್ಲ ‘ಅವರಲ್ಲಿ ಕೊಳ್ಳಬೇಡಿ’ ಎಂದು ಕ್ರಿಯಾಪದವಾಗಿ ಒಡೆದಾಗ ಸರಿಹೋಯಿತು.

ಈ ಭಾಗದಲ್ಲೇ ಇನ್ನೊಂದು ಕಷ್ಟ. ನಿಷೇಧ ಮುರಿದು ಬಿಳಿಯರ ಅಂಗಡಿಯಲ್ಲಿ ಕೊಂಡ ತಮ್ಮವರನ್ನೇ ಕೆಲವು ಯುವಕರು ತಡೆದು, ಚೀಲ ಕಿತ್ತು, ಅಡುಗೆ ಎಣ್ಣೆಯನ್ನೋ ಸೋಪಿನ ಪುಡಿಯನ್ನೋ ಬಾಯಿಗೆ ಸುರಿದ ಘಟನೆಗಳು ಆ ಕಾಲದ ಖರೀದಿ ನಿಲುಗಡೆಗಳಲ್ಲಿ ನಡೆದವು. ಇದನ್ನು ಮೆತ್ತಗೆ ಅನುವಾದಿಸುವ ಆಸೆ ಬರುತ್ತದೆ. ಮೆತ್ತಗೆ ಮಾಡಬಾರದು. ಜನ ಒಪ್ಪಿ ಕೊಳ್ಳದಿರುವುದಕ್ಕೂ ಹೆದರಿ ಕೊಳ್ಳದಿರುವುದಕ್ಕೂ ಇರುವ ಅಂತರವೇ ಇಂಥ ಚಳವಳಿಯ ಜೀವ. ನಾಯಕರು ತಮ್ಮ ಹುಡುಗರನ್ನು ತಡೆಯಲು ಪಟ್ಟ ಪಾಡು ಆ ಸಾಲಿಲ್ಲದೆ ಅರ್ಥವಾಗುವುದಿಲ್ಲ. ಜುಲೈ 21ರಿಂದ ಜಾರಿಯಾದ ತುರ್ತು ಪರಿಸ್ಥಿತಿಗೆ ಮಾತ್ರ ಪದ ಹುಡುಕಬೇಕಾಗಲಿಲ್ಲ. 1975 ನೆನಪಿರುವವರಿಗೆ ವಿವರಣೆ ಬೇಡ.

‘ಬಂದ್’ ಎಂಬುದು ಚಿಲಿ ಭಾಗದ ಉರುಲು. ತಾಮ್ರ ಗಣಿ ಕಾರ್ಮಿಕರ ಒಕ್ಕೂಟದ ರೊಡಾಲ್ಫೊ ಸೆಗೆಲ್ ಮೊದಲು ಕರೆ ಕೊಟ್ಟದ್ದು ಮುಷ್ಕರಕ್ಕೆ. ಸೈನ್ಯ ಗಣಿಗಳನ್ನು ಸುತ್ತುವರಿದಾಗ, ನೆತ್ತರು ಹರಿಯುವುದು ಖಚಿತವೆಂದು ತಿಳಿದು ಯೋಜನೆ ಬದಲಾಯಿತು. 1983ರ ಮೇ 11, ರಾಷ್ಟ್ರೀಯ ಪ್ರತಿಭಟನಾ ದಿನ: ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ಏನನ್ನೂ ಕೊಳ್ಳಬೇಡಿ, ಕೆಲಸ ನಿಧಾನ ಮಾಡಿ, ವಾಹನ ನಿಧಾನ ಓಡಿಸಿ, ರಾತ್ರಿ 8ಕ್ಕೆ ಮನೆಯಲ್ಲೇ ಪಾತ್ರೆ ಬಡಿಯಿರಿ. ಯಾರನ್ನೂ ಗುರುತಿಸಿ ಹಿಡಿಯಲಾಗದ, ಹೆದರಿದವರೂ ಪಾಲ್ಗೊಳ್ಳಬಹುದಾದ ಕೆಲಸಗಳಿವು. ಕರಡಿನಲ್ಲಿ ಇದು ‘ಚಿಲಿ ಬಂದ್’ ಆಗಿತ್ತು! ಬಸ್ಸಿಗೆ ಕಲ್ಲು, ಟೈರಿಗೆ ಬೆಂಕಿ, ಅಂಗಡಿಯ ಷಟರ್ ಎಳೆಸುವುದು, ಇವೆಲ್ಲ ಆ ಒಂದು ಪದದ ಜೊತೆ ನಮ್ಮ ನೋಡುಗರ ತಲೆಗೆ ಬರುತ್ತವೆ. ಅಲ್ಲಿ ಜಾಣತನ ಇದ್ದದ್ದು ಏನನ್ನೂ ಮುಚ್ಚಿಸದೆ ಎಲ್ಲವನ್ನೂ ನಿಧಾನ ಮಾಡಿದ್ದರಲ್ಲಿ. ‘ಪ್ರತಿಭಟನಾ ದಿನ’ ಎಂದು ತಿದ್ದಿದೆವು. ಪಾತ್ರೆ ಬಡಿತಕ್ಕೆ ಒಂದು ಹಿನ್ನೆಲೆಯಿದೆ: 1971ರಲ್ಲಿ, ಪಿನೊಚೆಟ್‌ಗೆ ಮೊದಲಿನ ಅಯೆಂದೆ ಸರ್ಕಾರದ ವಿರುದ್ಧ ಮೊದಲು ಖಾಲಿ ಪಾತ್ರೆ ಹಿಡಿದು ಬೀದಿಗಿಳಿದವರು ಎದುರು ಪಕ್ಷದ ಹೆಂಗಸರು. ಹನ್ನೆರಡು ವರ್ಷದ ಬಳಿಕ ಅದೇ ಸದ್ದು ಪಿನೊಚೆಟ್ ವಿರುದ್ಧ ತಿರುಗಿತು. ಇದನ್ನು ತೆರೆಯಲ್ಲಿ ಹೇಳಲು ಜಾಗವಿಲ್ಲ, ಪ್ರದರ್ಶನದ ಜೊತೆ ಹಂಚುವ ನಾಲ್ಕು ಪುಟದ ಟಿಪ್ಪಣಿಗೆ ಹೋಯಿತು.

ಅಂದಹಾಗೆ ಆ ಟಿಪ್ಪಣಿ ಇಲ್ಲದೆ ಪ್ರದರ್ಶನ ಮಾಡಬೇಡಿ. 1988ರ ಅಕ್ಟೋಬರ್ 5ರ ಜನಮತಗಣನೆಯಲ್ಲಿ ‘ಬೇಡ’ ಗೆದ್ದಿತೆಂದು ತೆರೆಯ ಮೇಲೆ ಬಂದಾಗ ಏನು ಬೇಡ ಎಂದು ಸಭಿಕರು ಕೇಳುತ್ತಾರೆ. ಪಿನೊಚೆಟ್ ಇನ್ನೆಂಟು ವರ್ಷ ಮುಂದುವರಿಯಬೇಕೇ ಎಂಬುದು ಪ್ರಶ್ನೆ.

ಪೋಲೆಂಡಿನಲ್ಲಿ ‘ಮುಷ್ಕರ’ ಎಂದು ಬರೆದರೆ ನಮ್ಮವರು ಗೇಟಿನ ಹೊರಗೆ ಕೂತ ಕಾರ್ಮಿಕರನ್ನು ಕಲ್ಪಿಸಿಕೊಳ್ಳುತ್ತಾರೆ. 1980ರ ಆಗಸ್ಟ್ 14ರಂದು ಗ್ದಾನ್ಸ್ಕ್‌ನ ಲೆನಿನ್ ಹಡಗು ಕಾರ್ಖಾನೆಯವರು ಮಾಡಿದ್ದು ಅದರ ತದ್ವಿರುದ್ಧ. ಕ್ರೇನ್ ಚಾಲಕಿ ಅನ್ನಾ ವಾಲೆಂತಿನೋವಿಚ್ ಅವರನ್ನು ವಜಾ ಮಾಡಿದ್ದಕ್ಕೆ ಕೆಲಸ ನಿಲ್ಲಿಸಿದರು, ಗೇಟು ಹಾಕಿಕೊಂಡು ಒಳಗೇ ಉಳಿದರು. ಮೊದಲ ಸಾಲಿನಲ್ಲೇ ‘ಕೆಲಸ ಬಿಟ್ಟರು, ಕಾರ್ಖಾನೆ ಬಿಡಲಿಲ್ಲ’ ಎಂದು ಬರೆದೆವು. ಒಮ್ಮೆ ಇದು ಮನಸ್ಸಿಗೆ ಕೂತರೆ ಮುಂದಿನ ‘ಮುಷ್ಕರ’ಗಳು ಸರಿಯಾಗಿ ಅರ್ಥವಾಗುತ್ತವೆ. ಒಳಗೆ ಮದ್ಯ ನಿಷೇಧಿಸಿದ್ದು, 21 ಬೇಡಿಕೆಗಳನ್ನು ಪ್ಲೈವುಡ್ ಹಲಗೆಯ ಮೇಲೆ ಬರೆದು ಗೇಟಿಗೆ ತೂಗುಹಾಕಿದ್ದು, ಸರ್ಕಾರದೊಂದಿಗಿನ ಮಾತುಕತೆಯನ್ನು ಕಾರ್ಖಾನೆಯ ಧ್ವನಿವರ್ಧಕಗಳಲ್ಲಿ ಎಲ್ಲರಿಗೂ ಕೇಳಿಸಿದ್ದು, ಇವನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ನಾಯಕರು ಬಾಗಿಲು ಹಾಕಿಕೊಂಡು ರಾಜಿಯಾಗಲು ಆಗಲಿಲ್ಲವೆಂಬುದು ಆ ಧ್ವನಿವರ್ಧಕದಿಂದ. ಹೆಸರುಗಳದು ಬೇರೆ ತಲೆನೋವು. ಈ ಮುಷ್ಕರದ ಮುಂದಾಳುವಿನದು, ನಮ್ಮ ಪತ್ರಿಕೆಗಳು ‘ವಾಲೆಸಾ’ ಎಂದು ಬರೆದ ಹೆಸರು, ಪೋಲಿಷ್ ಬಾಯಲ್ಲಿ ‘ವಾವೆನ್ಸಾ’. ತೆರೆಯ ಮೇಲಿನವರು ಅದನ್ನೇ ಕೂಗುವಾಗ ಕೆಳಗೆ ಬೇರೆ ಬರೆದರೆ ನೋಡುಗರು ಇಬ್ಬರು ಮನುಷ್ಯರೆಂದು ತಿಳಿಯುತ್ತಾರೆ. ಕಿವಿಗೆ ಕೇಳುವುದನ್ನೇ ಬರೆಯಿರಿ.

ಡೆನ್ಮಾರ್ಕಿನಲ್ಲಿ ‘ಭೂಗತ ಪತ್ರಿಕೆ’ ಎಂದು ಬರೆದಿದ್ದೆವು. 1942ರ ಚಳವಳಿಯನ್ನು ಓದಿಕೊಂಡವರಿಗೆ ಅದು ಸರಿಯಾಗೇ ಕೇಳಿಸುತ್ತದೆ, ಮೂವತ್ತರೊಳಗಿನವರಿಗೆ ಭೂಗತ ಎಂದರೆ ಬೆಂಗಳೂರಿನ ಡಾನ್‌ಗಳು. ‘ಗುಪ್ತ ಪತ್ರಿಕೆ’ಯಾಯಿತು. 1943ರ ಅಕ್ಟೋಬರಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಯಹೂದ್ಯರನ್ನು ಮೀನುಗಾರರ ದೋಣಿಗಳಲ್ಲಿ ಸ್ವೀಡನ್ನಿಗೆ ಕಳಿಸಿದ್ದಕ್ಕೆ ‘ಸಾಗಿಸಿದರು’ ಎಂದಿತ್ತು. ಮಾನವ ಸಾಗಣೆಯ ವಾಸನೆ ಬರುತ್ತದೆಂದು ‘ದಡ ದಾಟಿಸಿದರು’ ಎಂದು ತಿದ್ದಿದೆವು. 1944ರ ಜೂನ್ ಕೊನೆಯ ಘಟನೆ ನಮಗೆ ಅತ್ಯಂತ ಪ್ರಿಯವಾದದ್ದು. ರಾತ್ರಿ 8ರಿಂದ ಬೆಳಗಿನ 5ರವರೆಗೆ ಕರ್ಫ್ಯೂ ಹೇರಿದಾಗ ಕೋಪನ್‌ಹೇಗನ್‌ನ ಹಡಗು ಕಾರ್ಖಾನೆಯವರು, ನಾವು ಮುಷ್ಕರ ಮಾಡುತ್ತಿಲ್ಲ, ಸಂಜೆ ತೋಟದ ಕೆಲಸಕ್ಕೆ ವೇಳೆ ಸಿಗದ್ದರಿಂದ ಬೇಗ ಮನೆಗೆ ಹೋಗುತ್ತೇವೆ ಎಂದು ಹೇಳಿ ಮಧ್ಯಾಹ್ನವೇ ಹೊರಟರು. ಕೂಡಲೇ ಊರಿಗೆ ಊರೇ ಹಾಗೆ ಮಾಡಿತು. ಇಲ್ಲಿ ಆತುರದಲ್ಲಿ ‘ಮುಷ್ಕರ’ ಎಂದು ಬರೆದರೆ ಅವರ ಇಡೀ ತಂತ್ರವೇ ಹಾಳು. ಜರ್ಮನರ ಕಾನೂನಿಗೆ ಸಿಗಬಾರದೆಂದೇ ಅವರು ಆ ಪದ ಬಳಸಿರಲಿಲ್ಲ. ಡೆನ್ಮಾರ್ಕಿನಲ್ಲಿ ರೈಲು ಹಳಿ, ಕಾರ್ಖಾನೆಗಳ ಸ್ಫೋಟಗಳೂ ನಡೆದವು. ‘ನಿರಾಯುಧ’ ಎಂಬ ಶೀರ್ಷಿಕೆಯಡಿ ಅದು ಇರುಸುಮುರುಸು ತರುತ್ತದೆ, ಆದರೂ ಸ್ಫೋಟವನ್ನು ಸ್ಫೋಟವೆಂದೇ ಬರೆಯಬೇಕು.

ದಂಡಿಯ ಭಾಗ ಸುಲಭವೆಂದು ಕೊನೆಗೆ ಇಟ್ಟುಕೊಂಡಿದ್ದೆವು. ಅದು ತಪ್ಪು ಎಣಿಕೆ. ಎಲ್ಲರಿಗೂ ಗೊತ್ತಿರುವ ಕತೆಯಲ್ಲಿ ನೋಡುಗರು ಓದುವುದನ್ನೇ ನಿಲ್ಲಿಸುತ್ತಾರೆ. 1930ರ ಮಾರ್ಚ್ 12ರಿಂದ 24 ದಿನ, 240 ಮೈಲಿ, ಅಂದರೆ ಸುಮಾರು 385 ಕಿಲೋಮೀಟರ್. ಜೊತೆಗೆ ಹೊರಟವರು 78 ಮಂದಿ. ಇಷ್ಟು ಶಾಲೆಯಲ್ಲೇ ಕಲಿತಿದ್ದೇವೆ. ಶಾಲೆಯಲ್ಲಿ ಹೇಳದ್ದು ತಯಾರಿ. ವಿದ್ಯಾರ್ಥಿಗಳ ತಂಡವೊಂದು ಮುಂದಾಗಿ ಹೋಗಿ ದಾರಿಯ ಊರುಗಳನ್ನು ಸಜ್ಜು ಮಾಡುತ್ತಿತ್ತು. ಊರಿನ ಜನಸಂಖ್ಯೆ, ಚರಕ, ಉಪ್ಪಿನ ಬಳಕೆ, ಕಂದಾಯ, ದನಗಳ ಲೆಕ್ಕ ಸಿದ್ಧವಿರಲಿ ಎಂದು ಗಾಂಧಿ ಮೊದಲೇ ಕೇಳಿದ್ದರು. ಊಟ ಸರಳವಾಗಿರಲಿ ಎಂದೂ ಹೇಳಿದ್ದರು. ಸೂರತ್ತಿನಿಂದ ಲಾರಿಯಲ್ಲಿ ಹಾಲು ತರಿಸಿದ್ದು ತಿಳಿದಾಗ ಭಟಗಾಮಿನಲ್ಲಿ ತಮ್ಮವರನ್ನೇ ಎಲ್ಲರೆದುರು ಖಂಡಿಸಿದರು. ಊರ ಪಟೇಲರು ಹುದ್ದೆ ಬಿಡಬೇಕೆಂಬ ಕೇಳಿಕೆಯಂತೂ ಪ್ರತಿ ಊರಲ್ಲೂ. ಉಪ್ಪು ಎತ್ತುವ ಚಿತ್ರಕ್ಕಿಂತ ಇದೇ ಆಡಳಿತದ ಕೀಲು ಸಡಿಲಿಸಿದ್ದು. ಈ ಭಾಗದ ಟಿಪ್ಪಣಿಯಲ್ಲಿ ನಮ್ಮ ಕಡೆಯ ಸಂಗತಿಗಳಿಗೆ ಜಾಗ ಕೊಟ್ಟೆವು. ಆ 78ರಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಇದ್ದರು. ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದರು. ಮುಂದೆ ಅಂಕೋಲೆ, ಸಿದ್ದಾಪುರದ ರೈತರು ಭೂಮಿ ಹೋಗುವುದನ್ನು ಅರಿತೇ ಕರನಿರಾಕರಣೆ ಮಾಡಿದರು. ‘ಕರನಿರಾಕರಣೆ’ ಎಂಬ ಪದವನ್ನು ಆ ರೈತರು ನಮಗೆ ಕೊಟ್ಟುಹೋಗಿದ್ದಾರೆ, ಅದಕ್ಕಿಂತ ನಿಖರವಾದ ಇನ್ನೊಂದು ಪದ ಪಟ್ಟಿಯಲ್ಲೇ ಇಲ್ಲ.

ತಯಾರಿಯ ಮಾತು ಬಂದಾಗ ಮತ್ತೆ ನ್ಯಾಶ್‌ವಿಲ್‌ಗೆ ಹೋಗಬೇಕು. ಅಲ್ಲಿ ತರಬೇತಿ ಕೊಟ್ಟ ಜೇಮ್ಸ್ ಲಾಸನ್ 1953ರಿಂದ ಮೂರು ವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧಿಯ ವಿಧಾನ ಅಭ್ಯಾಸ ಮಾಡಿದವರು. 1959ರಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಅವರು ನಡೆಸಿದ ಶಿಬಿರದಲ್ಲಿ ಅರ್ಧ ಜನ ಕೌಂಟರಿನಲ್ಲಿ ಕೂತವರಾಗಿ, ಅರ್ಧ ಜನ ಹೊಡೆಯಲು ಬಂದವರಾಗಿ ನಟಿಸುತ್ತಿದ್ದರು: ಬೈಗುಳ, ತಲೆಗೂದಲು ಹಿಡಿದು ಎಳೆಯುವುದು, ಸಿಗರೇಟಿನ ಹೊಗೆ ಮುಖಕ್ಕೆ ಬಿಡುವುದು. ತಿರುಗಿ ಬೈಯಬಾರದು, ನಗಬಾರದು, ಮುಂದಾಳು ಹೇಳದೆ ಎದ್ದು ಹೋಗಬಾರದು, ನೆಟ್ಟಗೆ ಕೂತು ಕೌಂಟರಿನ ಕಡೆಗೇ ಮುಖ ಇರಬೇಕು, ಅಂಗಡಿಯ ಬಾಗಿಲಿಗೆ ಅಡ್ಡ ನಿಲ್ಲಬಾರದು ಎಂದು ನಿಯಮ ಬರೆದು ಹಂಚಿದ್ದರು. ಹಿಂದೂಸ್ತಾನಿ ಸೇವಾದಳವನ್ನು 1923ರಲ್ಲಿ ಕಟ್ಟಿ ಸ್ವಯಂಸೇವಕರಿಗೆ ಶಿಸ್ತು ಕಲಿಸಿದ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರಿಗೆ ಈ ಪಟ್ಟಿ ಅಪರಿಚಿತ ಅನ್ನಿಸುತ್ತಿರಲಿಲ್ಲ. ಬೈಗುಳಗಳನ್ನು ಅನುವಾದಿಸುವಾಗ ಚುಕ್ಕಿ ಹಾಕಿ ಮರೆಮಾಡಿದೆವು, ಎರಡನೇ ಸುತ್ತಿನಲ್ಲಿ ತೆಗೆದೆವು. ಏನನ್ನು ಕೇಳಿಸಿಕೊಂಡು ಸುಮ್ಮನೆ ಕೂತರು ಎಂಬುದು ಗೊತ್ತಾಗದಿದ್ದರೆ ಸುಮ್ಮನೆ ಕೂತದ್ದರ ತೂಕ ಗೊತ್ತಾಗದು.

ಅದೇ ದೃಶ್ಯದಲ್ಲಿ ಕನ್ನಡದ ವಾಕ್ಯರಚನೆ ಕಾಡಿತು. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. ಫೆಬ್ರವರಿ 27ರ ಹಲ್ಲೆಯ ಬಗ್ಗೆ ನಿರೂಪಕರು ಹೇಳುವ ಉದ್ದ ವಾಕ್ಯವನ್ನು ಹಾಗೇ ತಂದರೆ, ಬಂಧನದ ಚಿತ್ರ ಬಂದುಹೋದ ಮೇಲೆ ‘ಬಂಧಿಸಿದರು’ ಕಾಣಿಸುತ್ತದೆ. ಒಡೆಯಬೇಕು. ಮೊದಲ ಸಾಲು: ‘ಹೊಡೆದವರನ್ನು ಪೊಲೀಸರು ಮುಟ್ಟಲಿಲ್ಲ.’ ಎರಡನೆಯದು: ‘ಹೊಡೆಸಿಕೊಂಡ 81 ಮಂದಿಯನ್ನು ಬಂಧಿಸಿದರು.’ ಎರಡೂ ತಮ್ಮ ತಮ್ಮ ಚಿತ್ರದ ಕೆಳಗೆ ಕೂತವು. ‘ಎಂದು ಹೇಳಿದರು’, ‘ಎಂದು ನೆನೆಯುತ್ತಾರೆ’ಗಳನ್ನೆಲ್ಲ ಬಿಡಿ, ಮಾತಾಡುವವರ ಮುಖ ತೆರೆಯ ಮೇಲೇ ಇದೆ.

ಬಹುವಚನದ ಪ್ರಶ್ನೆಗೂ ಉತ್ತರ ಇದೇ ಭಾಗದಿಂದ ಬಂತು. ಸತ್ಯಾಗ್ರಹಿಗಳಿಗೆ ‘ಅವರು’, ಹೊಡೆದವನಿಗೆ ‘ಅವನು’ ಎಂದು ಕರಡಿನಲ್ಲಿ ತಾನಾಗಿ ಬಂದುಬಿಟ್ಟಿತ್ತು. ಪಿನೊಚೆಟ್‌ಗೂ ಏಕವಚನ. ಲಾಸನ್ ಕಲಿಸಿದ ಪಾಠದಲ್ಲಿ ಎದುರಾಳಿಯನ್ನು ಮನುಷ್ಯನೆಂದು ಕಾಣುವುದು ತಂತ್ರದ ಭಾಗ. ನ್ಯಾಶ್‌ವಿಲ್ ಮೇಯರ್ ಬೆನ್ ವೆಸ್ಟ್ ಅವರಿಗೆ ವಿದ್ಯಾರ್ಥಿ ನಾಯಕಿ ಡಯೇನ್ ನ್ಯಾಶ್ ನಗರಸಭೆಯ ಮೆಟ್ಟಿಲ ಮೇಲೆ ಕೇಳಿದ ಪ್ರಶ್ನೆ ಫಲಿಸಿದ್ದು ಅದಕ್ಕೇ. ಬಣ್ಣದ ಕಾರಣಕ್ಕೆ ಭೇದ ಮಾಡುವುದು ತಪ್ಪಲ್ಲವೇ ಎಂದಾಗ ಅವರು ತಪ್ಪೆಂದು ಒಪ್ಪಿದರು. ಮೇ 10ರಂದು ಕೌಂಟರ್‌ಗಳು ತೆರೆದವು. ನಾವು ಎಲ್ಲರಿಗೂ ‘ಅವರು’ ಹಾಕಿದೆವು, ‘ಪುಂಡರು’ ಎಂದಿದ್ದಲ್ಲಿ ‘ಬಿಳಿಯ ಯುವಕರು’ ಎಂದೆವು.

ಪ್ರದರ್ಶನಕ್ಕೆ ಮೊದಲು, ಇಂಗ್ಲಿಷ್ ಬಾರದ ಇಬ್ಬರಿಗೆ ದನಿ ಬಂದ್ ಮಾಡಿ ಪೂರ್ತಿ ತೋರಿಸಿ. ಎಲ್ಲಿ ಹಿಂದಕ್ಕೆ ಓಡಿಸಿ ಎನ್ನುತ್ತಾರೋ ಆ ವೇಳೆ ಗುರುತಿಸಿಕೊಳ್ಳಿ. ಮಾತಾಡುವವರ ಹೆಸರು, ಹುದ್ದೆ ಇಂಗ್ಲಿಷಿನಲ್ಲಿ ತೆರೆಯ ಕೆಳಗೇ ಅಚ್ಚಾಗಿರುವಲ್ಲಿ ನಮ್ಮ ಸಾಲು ಅದರ ಮೇಲೆ ಕೂರುತ್ತದೆ, ಅಂಥ ಸಾಲುಗಳನ್ನು ತೆರೆಯ ಮೇಲ್ತುದಿಗೆ ಸರಿಸಬೇಕು. ಬಯಲಲ್ಲಿ ತೋರಿಸುವಾಗ ಕತ್ತಲಾಗದೆ ಶುರುಮಾಡಿದರೆ ಕಪ್ಪುಬಿಳುಪು ದೃಶ್ಯವೆಲ್ಲ ಬೂದಿಯಾಗಿ ಅಕ್ಷರ ಮಾತ್ರ ಉಳಿಯುತ್ತದೆ. ಹಿಂದಿನ ಸಾಲಿನವರ ಕಣ್ಣಿಗೆ ಮುಂದಿನವರ ತಲೆ ಅಡ್ಡ ಬರುವುದರಿಂದ ತೆರೆಯ ಕೆಳ ಅಂಚು ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿರಲಿ. ಓದಲು ಬಾರದ ಹಿರಿಯರು ಇದ್ದೇ ಇರುತ್ತಾರೆ. ಅವರಿಗಾಗಿ ಒಬ್ಬರು ಮೈಕಿನಲ್ಲಿ ಸಾಲುಗಳನ್ನು ಓದಬೇಕು, ಅಭಿನಯ ಬೇಡ, ಸಮದನಿ ಸಾಕು. ಚಿಲಿಯ ರಾಜಧಾನಿ ಸಾಂತಿಯಾಗೋದಲ್ಲಿ ರಾತ್ರಿ 8ಕ್ಕೆ ಪಾತ್ರೆ ಬಡಿತ ಶುರುವಾಗುವ ಕಡೆ ಸಾಲೇ ಇಲ್ಲ, ಓದುವವರು ಅಲ್ಲಿ ಮೈಕು ಆರಿಸಿ ಪುಟ ತಿರುಗಿಸಿಕೊಳ್ಳಬಹುದು.